ಮೂರು ತಿಂಗಳ ಪ್ರತಿಜ್ಞೆ
ಪೂಜ್ಯ ಮ್ಯಾಟ್ ಟಾಲ್ಬಟ್ ಅವರ ಬದುಕು

ಶೋಧನೆ ಬಾರದ ಮನುಷ್ಯನಿಲ್ಲ. ನಮ್ಮ ಪ್ರಭು ಯೇಸುಕ್ರಿಸ್ತರೇ 40 ದಿನ ಬೆಂಗಾಡಿನಲ್ಲಿ ಉಪವಾಸವಿದ್ದು ಸೈತಾನನ ಶೋಧನೆಯನ್ನು ಎದುರಿಸಿದರು. ಆದ್ದರಿಂದ ಶೋಧನೆ ಬರುವುದು ಪಾಪವಲ್ಲ, ತಿಳಿದೂ ತಿಳಿದೂ ಅದಕ್ಕೆ ಮನಸ್ಸು ಒಪ್ಪಿಸುವುದೇ ಪಾಪ. ಇದನ್ನು ನಾವೆಲ್ಲ ಧರ್ಮೋಪದೇಶದ ತರಗತಿಯಲ್ಲೇ ಕಲಿತಿದ್ದೇವೆ. ಆದರೆ ವರ್ಷಗಟ್ಟಲೆ ಒಪ್ಪಿಗೆ ಕೊಟ್ಟು ಕೊಟ್ಟು, ಇನ್ನು ಬೇಡವೆನ್ನುವ ಶಕ್ತಿಯನ್ನೇ ಕಳೆದುಕೊಂಡವನ ಗತಿಯೇನು? ಅವನಿಗೂ ದಾರಿ ಉಂಟೇ? ಉಂಟು ಎಂಬುದಕ್ಕೆ ಐರ್ಲೆಂಡ್ ದೇಶದ ಡಬ್ಲಿನ್ ನಗರದ ಒಬ್ಬ ಕೂಲಿಕಾರ್ಮಿಕರ ಬದುಕೇ ಸಾಕ್ಷಿ.

ಮ್ಯಾಟ್ ಟಾಲ್ಬಟ್ 1856ರ ಮೇ 2ರಂದು ಡಬ್ಲಿನ್ನಿನ ಬಡ ಕುಟುಂಬವೊಂದರಲ್ಲಿ ಜನಿಸಿದರು. ಐರ್ಲೆಂಡಿನ ಮಹಾಕ್ಷಾಮ ಕಳೆದು ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಚಾರ್ಲ್ಸ್ ಮತ್ತು ಎಲಿಜಬೆತ್ ದಂಪತಿಗಳ ಹನ್ನೆರಡು ಮಕ್ಕಳಲ್ಲಿ ಅವರು ಎರಡನೆಯವರು. ತಂದೆ ಬಂದರಿನಲ್ಲಿ ದುಡಿಯುತ್ತಿದ್ದರು, ಕುಡಿಯುತ್ತಲೂ ಇದ್ದರು. ಮಗನ ಶಾಲೆ ಬಹಳ ದಿನ ನಡೆಯಲಿಲ್ಲ. ಸುಮಾರು 12ನೇ ವಯಸ್ಸಿನಲ್ಲಿ ಮದ್ಯದ ವ್ಯಾಪಾರಿಗಳ ಬಳಿ ಕೆಲಸಕ್ಕೆ ಸೇರಿಕೊಂಡರು. ಬಾಟಲಿಗಳ ತಳದಲ್ಲಿ ಉಳಿದಿದ್ದನ್ನು ಹುಡುಗರು ಕದ್ದು ಕುಡಿಯುತ್ತಿದ್ದರು. ಮ್ಯಾಟ್ ಅವರ ಕುಡಿತ ಶುರುವಾದದ್ದು ಹೀಗೆ.

ಮಗ ಕುಡಿದು ಮನೆಗೆ ಬಂದದ್ದನ್ನು ಕಂಡ ತಂದೆ ಚೆನ್ನಾಗಿ ಹೊಡೆದರು. ಆ ಕೆಲಸ ಬಿಡಿಸಿ, ಕಣ್ಣ ಮುಂದೆಯೇ ಇರಲಿ ಎಂದು ತಾವು ದುಡಿಯುತ್ತಿದ್ದ ಬಂದರಿಗೇ ಸೇರಿಸಿದರು. ಆದರೆ ಅಲ್ಲಿದ್ದದ್ದು ವಿಸ್ಕಿಯ ದಾಸ್ತಾನು! ಬಿಯರಿನಿಂದ ಬಿಡಿಸಿದ ಮಗ ವಿಸ್ಕಿಗೆ ಅಂಟಿಕೊಂಡರು. ಹೆತ್ತವರು ಇದನ್ನು ಗಮನಿಸಬೇಕು. ಮಗನಿಗೆ ಏಟು ಬಿತ್ತು, ಜಾಗವೂ ಬದಲಾಯಿತು, ಆದರೆ ಪಾಪದ ಸಂದರ್ಭ ಬದಲಾಗಲಿಲ್ಲ.

ಮುಂದೆ ಗಾರೆ ಕೆಲಸದವರ ಕೈಕೆಳಗೆ ಕೂಲಿ ಮಾಡಿದರು. ಕೆಲಸದಲ್ಲಿ ಗಟ್ಟಿಗರು, ಆದರೆ ಕೂಲಿಯ ಹಣ ಮನೆಗೆ ಬರುವುದು ಅಪರೂಪವಾಗಿತ್ತು. ಕೈ ಬರಿದಾದಾಗ ಕಾಲಿನ ಬೂಟನ್ನೂ ಅಡವಿಟ್ಟು ಕುಡಿದರು. ಒಮ್ಮೆ ಸ್ನೇಹಿತರೊಡನೆ ಸೇರಿ, ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಕುರುಡನೊಬ್ಬನ ಪಿಟೀಲನ್ನೇ ಕದ್ದು ಮಾರಿ, ಆ ಹಣವನ್ನೂ ಕುಡಿದು ಮುಗಿಸಿದರು. ಇಷ್ಟಾದರೂ ಭಾನುವಾರದ ಪೂಜೆಗೆ ಹೋಗುತ್ತಿದ್ದರು. ವಿಶ್ವಾಸ ಸತ್ತಿರಲಿಲ್ಲ, ಸಂಕಲ್ಪಶಕ್ತಿ ಮಾತ್ರ ಸೋತು ಮಲಗಿತ್ತು.

1884ರಲ್ಲಿ, 28ರ ವಯಸ್ಸಿನಲ್ಲಿ, ಬದುಕು ತಿರುಗಿತು. ಅದು ಕೂಲಿ ಬಟವಾಡೆಯ ಶನಿವಾರ. ಆ ವಾರ ಕೆಲಸಕ್ಕೆ ಹೋಗದ ಮ್ಯಾಟ್ ಅವರ ಕೈಯಲ್ಲಿ ಕಾಸಿರಲಿಲ್ಲ, ಅಂಗಡಿಗಳಲ್ಲಿ ಸಾಲವೂ ಹುಟ್ಟುತ್ತಿರಲಿಲ್ಲ. ಗೆಳೆಯರು ಯಾರಾದರೂ ಒಳಗೆ ಕರೆದು ಕುಡಿಸಿಯಾರೆಂದು ಮದ್ಯದಂಗಡಿಯ ಹತ್ತಿರ ಕಾದು ನಿಂತರು. ಎಷ್ಟೋ ಸಲ ಇವರ ದುಡ್ಡಿನಲ್ಲಿ ಕುಡಿದವರೇ ಒಬ್ಬೊಬ್ಬರಾಗಿ ಬಂದರು, ಮಾತಾಡಿಸಿ ಮುಂದೆ ಹೋದರು. ಯಾರೂ ಒಳಗೆ ಕರೆಯಲಿಲ್ಲ.

ಆ ಅವಮಾನದಲ್ಲಿ ಅವರ ಕಣ್ಣು ತೆರೆಯಿತು. ಮನೆಗೆ ನಡೆದುಬಂದು, ಕುಡಿತ ಬಿಡುವ ಪ್ರತಿಜ್ಞೆ ಮಾಡುವುದಾಗಿ ತಾಯಿಗೆ ಹೇಳಿದರು. ತಾಯಿ ಹಂಗಿಸಲಿಲ್ಲ, ಹಳೆಯದನ್ನು ಎತ್ತಿ ಆಡಲಿಲ್ಲ. ಪಾಲಿಸುವ ಮನಸ್ಸಿಲ್ಲದಿದ್ದರೆ ಮಾಡಬೇಡ ಎಂದು ಎಚ್ಚರಿಸಿ, ದೇವರ ಹೆಸರಿನಲ್ಲಿ ಹೋಗಿ ಬಾ ಎಂದು ಕಳುಹಿಸಿದರು. ಮ್ಯಾಟ್ ಅಂದೇ ಕ್ಲಾನ್‌ಲಿಫ್‌ನ ಹೋಲಿ ಕ್ರಾಸ್ ಗುರುಮಠಕ್ಕೆ ಹೋಗಿ ಪಾಪನಿವೇದನೆ ಮಾಡಿ, ಗುರುಗಳ ಮುಂದೆ ಪ್ರತಿಜ್ಞೆ ಕೈಗೊಂಡರು. ಜೀವಮಾನಕ್ಕಲ್ಲ, ಕೇವಲ ಮೂರು ತಿಂಗಳಿಗೆ!

ಆ ಮೂರು ತಿಂಗಳು ನರಕವಾಗಿದ್ದವು. ಅವಧಿ ಮುಗಿದೊಡನೆ ಮತ್ತೆ ಕುಡಿಯುವೆನೆಂದು ಮನೆಯಲ್ಲಿ ಹೇಳಿದ್ದೂ ಉಂಟು. ಕೆಲಸ ಮುಗಿಸಿ ಮನೆಗೆ ಬರುವ ದಾರಿಯುದ್ದಕ್ಕೂ ಮದ್ಯದಂಗಡಿಗಳು, ಒಳಗೆ ಹಳೆಯ ಗೆಳೆಯರು. ಒಂದು ದಿನ ತಡೆಯಲಾರದೆ ಒಳಗೆ ಹೋಗಿಯೇಬಿಟ್ಟರು. ಅಂಗಡಿಯವನು ಬೇರೆ ಗಿರಾಕಿಗಳ ಗಡಿಬಿಡಿಯಲ್ಲಿ ಇವರನ್ನು ಗಮನಿಸಲಿಲ್ಲ. ತುಸು ಹೊತ್ತು ನಿಂತು ಹೊರಬಂದವರೇ ದೇವಾಲಯ ಸೇರಿದರು. ಅಂದಿನಿಂದ ಜೇಬಿನಲ್ಲಿ ಹಣ ಇಟ್ಟುಕೊಂಡು ತಿರುಗುವುದನ್ನೇ ಬಿಟ್ಟರು.

ಈ ಚಿಕ್ಕ ಸಂಗತಿಯಲ್ಲಿ ದೊಡ್ಡ ವಿವೇಕವಿದೆ. ತಮ್ಮ ಮನಸ್ಸಿನ ಬಲವನ್ನು ಅವರು ನಂಬಲಿಲ್ಲ. ಬರಿಗೈಯಾದರೆ ಶೋಧನೆ ಬಂದರೂ ದಾರಿ ಕಟ್ಟಿರುತ್ತದೆ ಎಂದು ಅರಿತರು. ಸಂಜೆಯ ಹೊತ್ತು ಶೋಧನೆಯದು ಎಂದು ತಿಳಿದಿದ್ದರಿಂದ ಆ ಹೊತ್ತನ್ನು ದೇವಾಲಯಕ್ಕೆ ಕೊಟ್ಟರು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಪ್ರತಿದಿನ ಬಲಿಪೂಜೆಗೆ ಹೋದರು. ಸದ್ಗುಣವೂ ದುರ್ಗುಣದಂತೆಯೇ ಅಭ್ಯಾಸದಿಂದ ಬೇರೂರುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಒಂದು ಅಭ್ಯಾಸವನ್ನು ಕಿತ್ತು ಜಾಗವನ್ನು ಬರಿದಾಗಿ ಬಿಟ್ಟರೆ ಹಳೆಯದೇ ಮರಳಿ ಬಂದು ಕೂರುತ್ತದೆ. ಮ್ಯಾಟ್ ಆ ಜಾಗವನ್ನು ಪ್ರಾರ್ಥನೆಯಿಂದ ತುಂಬಿದರು. ದೇವರ ವರಪ್ರಸಾದ ಅವರ ಈ ಸಣ್ಣ ಸಣ್ಣ ಪ್ರಯತ್ನಗಳ ಮೇಲೆ ಇಳಿಯಿತು.

ಮೂರು ತಿಂಗಳು ಮುಗಿದಾಗ ಅವರು ಕುಡಿಯಲಿಲ್ಲ. ಇನ್ನಾರು ತಿಂಗಳಿಗೆ ಪ್ರತಿಜ್ಞೆ ಮಾಡಿದರು, ಅದೂ ಮುಗಿದ ಮೇಲೆ ಜೀವಮಾನಕ್ಕೆ ಮಾಡಿದರು. ಸಾಯುವವರೆಗೆ, ಅಂದರೆ 41 ವರ್ಷ, ಒಂದು ತೊಟ್ಟನ್ನೂ ಮುಟ್ಟಲಿಲ್ಲ.

ಪಶ್ಚಾತ್ತಾಪ ಕಣ್ಣೀರಿನಲ್ಲೇ ನಿಲ್ಲಲಿಲ್ಲ. ಸಾಲಗಳನ್ನೆಲ್ಲ ತೀರಿಸಿದರು. ಪಿಟೀಲು ಕಳೆದುಕೊಂಡ ಕುರುಡನನ್ನು ಊರೆಲ್ಲ ಹುಡುಕಿ, ಸಿಗದಿದ್ದಾಗ ಆತನ ಆತ್ಮಕ್ಕಾಗಿ ಪೂಜೆಗಳನ್ನು ಅರ್ಪಿಸಿದರು. 1890ರಲ್ಲಿ ಫ್ರಾನ್ಸಿಸ್ಕನ್ ಮೂರನೇ ಸಭೆಯನ್ನು ಸೇರಿದರು. ಗುರುಮಠದ ಪ್ರಾಧ್ಯಾಪಕ ಮೈಕಲ್ ಹಿಕ್ಕಿ ಎಂಬ ಗುರುಗಳು ಅವರಿಗೆ ಮಾರ್ಗದರ್ಶಕರಾಗಿದ್ದರು. ಮರದ ದಾಸ್ತಾನಿನಲ್ಲಿ ಕೂಲಿ ಮಾಡುತ್ತಲೇ, ಓದು ಹೆಚ್ಚಿಲ್ಲದ ಆ ಮನುಷ್ಯ ತಡವರಿಸುತ್ತ ಸಂತ ಅಗಸ್ಟೀನರ ಆತ್ಮಕಥೆಯನ್ನೂ ಸಂತ ಲೂಯಿ ದೆ ಮೊಂಫೋರ್ಟರ ಮರಿಯಭಕ್ತಿಯ ಗ್ರಂಥವನ್ನೂ ಓದಿದರು. ಹಲಗೆಯ ಮೇಲೆ ಮಲಗಿ, ಮರದ ತುಂಡನ್ನೇ ತಲೆದಿಂಬು ಮಾಡಿಕೊಂಡರು. ದುಡಿದದ್ದರಲ್ಲಿ ಬಹುಪಾಲು ಬಡವರಿಗೂ ಮಿಷನ್ ಕಾರ್ಯಕ್ಕೂ ಹೋಯಿತು. 1913ರ ಲಾಕೌಟಿನಲ್ಲಿ ಡಬ್ಲಿನ್ ಕಾರ್ಮಿಕರು ಹಸಿವಿನಿಂದ ನರಳುತ್ತಿದ್ದಾಗ, ಸಂಘದಿಂದ ತಮಗೆ ಬಂದ ಹಣವನ್ನು ಮಕ್ಕಳೊಂದಿಗರಾದ ಜೊತೆಗಾರರಿಗೆ ಹಂಚಿದರು. ತಂದೆ ತೀರಿಕೊಂಡ ಮೇಲೆ ತಾಯಿಯನ್ನು ಕೊನೆಯವರೆಗೂ ನೋಡಿಕೊಂಡರು. ಕುಡಿತ ಬಿಡಲಾಗದವರ ಮೇಲೆ ಎಂದೂ ಕಠಿಣವಾಗಿ ಮಾತಾಡಲಿಲ್ಲ. ಅದೆಷ್ಟು ಕಷ್ಟವೆಂದು ಅವರಿಗೆ ಗೊತ್ತಿತ್ತು.

1925ರ ಜೂನ್ 7, ಪರಮ ತ್ರಿತ್ವದ ಭಾನುವಾರ. ಪೂಜೆಗೆ ನಡೆದು ಹೋಗುತ್ತಿದ್ದ 69 ವರ್ಷದ ಮುದುಕರು ಗ್ರ್ಯಾನ್ಬಿ ಓಣಿಯಲ್ಲಿ ಕುಸಿದುಬಿದ್ದು ಪ್ರಾಣಬಿಟ್ಟರು. ಆಸ್ಪತ್ರೆಯಲ್ಲಿ ಬಟ್ಟೆ ತೆಗೆದಾಗ ಮೈಮೇಲೆ ಸರಪಳಿಗಳು ಕಂಡವು. ಮಾತೆ ಮರಿಯಮ್ಮನ ದಾಸರೆಂಬುದಕ್ಕೆ ಗುರುತಾಗಿ, ಯಾರಿಗೂ ತೋರಿಸದೆ ಧರಿಸಿದ್ದವು ಅವು. ಅದುವರೆಗೆ ಹೆಚ್ಚಿನವರು ಅರಿಯದಿದ್ದ ಕೂಲಿಕಾರನ ಹೆಸರು ನಾಡೆಲ್ಲ ಹರಡಿತು. 1975ರಲ್ಲಿ ಜಗದ್ಗುರು ಆರನೇ ಪೌಲರು ಅವರನ್ನು ಪೂಜ್ಯರೆಂದು ಘೋಷಿಸಿದರು. ಅವರ ಸಮಾಧಿ ಇರುವುದು ಡಬ್ಲಿನ್ನಿನ ಲೂರ್ದು ಮಾತೆಯ ದೇವಾಲಯದಲ್ಲಿ.

ಸಂತ ಅಗಸ್ಟೀನರು ದುರಭ್ಯಾಸವನ್ನು ಸರಪಳಿಗೆ ಹೋಲಿಸಿದ್ದಾರೆ. ಆಸೆಗೆ ಮಣಿದರೆ ಅಭ್ಯಾಸ, ಅಭ್ಯಾಸವನ್ನು ತಡೆಯದಿದ್ದರೆ ಅನಿವಾರ್ಯ, ಹೀಗೆ ಕೊಂಡಿಗೆ ಕೊಂಡಿ ಸೇರುತ್ತದೆ. ಹಾಗೆ ಕೊಂಡಿ ಕೊಂಡಿಯಾಗಿ ಬೆಳೆದ ಸರಪಳಿಯನ್ನು ಕೊಂಡಿ ಕೊಂಡಿಯಾಗಿಯೇ ಬಿಡಿಸಬೇಕು. ಇಡೀ ಜೀವಮಾನದ ಶೋಧನೆಯನ್ನು ಒಂದೇ ದಿನದಲ್ಲಿ ಗೆಲ್ಲುವಂತೆ ದೇವರು ಯಾರನ್ನೂ ಕೇಳುವುದಿಲ್ಲ. ಪರಲೋಕ ಮಂತ್ರದಲ್ಲಿ ನಾವು ಬೇಡುವ ಆಹಾರವೂ ಅಂದಂದಿನದೇ ಅಲ್ಲವೇ?

ಪ್ರಿಯರೇ, ನಮ್ಮ ಎಷ್ಟೋ ಮನೆಗಳಲ್ಲಿ ಕುಡಿತದಿಂದಾಗಿ ಕಣ್ಣೀರು ಹರಿಯುತ್ತಿದೆ. ಇನ್ನು ಕೆಲವು ಮನೆಗಳಲ್ಲಿ ಜೂಜು, ಮೊಬೈಲಿನ ಅಶ್ಲೀಲ ಚಿತ್ರ, ಮುಗಿಯದ ಕೋಪ. ಸಿಕ್ಕಿಬಿದ್ದವರು ನಿರಾಶರಾಗಬಾರದು. ಮೂರು ತಿಂಗಳು ಹೆಚ್ಚಾಯಿತೆನಿಸಿದರೆ ಒಂದು ದಿನಕ್ಕೆ ಪ್ರತಿಜ್ಞೆ ಮಾಡಿ. ಶೋಧನೆ ಬರುವ ಹೊತ್ತು ಯಾವುದು, ದಾರಿ ಯಾವುದು, ಜೊತೆಗಾರರು ಯಾರು ಎಂದು ಕಂಡುಕೊಂಡು ಅವುಗಳಿಂದ ದೂರ ಸರಿಯಿರಿ. ಪಾಪನಿವೇದನೆಗೆ ಬನ್ನಿ. ಬಹುಕಾಲದ ಕುಡಿತವನ್ನು ಬಿಡುವಾಗ ವೈದ್ಯರ ನೆರವನ್ನೂ ಪಡೆಯಿರಿ. ಅದು ವಿಶ್ವಾಸಕ್ಕೆ ವಿರುದ್ಧವಲ್ಲ, ಔಷಧವೂ ದೇವರ ಕೊಡುಗೆಯೇ. ಮನೆಯವರು ಎಲಿಜಬೆತ್ ಅಮ್ಮನವರನ್ನು ನೆನೆಯಲಿ. ಹದಿನಾರು ವರ್ಷ ಕುಡಿದ ಮಗ ಬಾಗಿಲಲ್ಲಿ ಬಂದು ನಿಂತಾಗ ಆ ತಾಯಿ ಲೆಕ್ಕ ಕೇಳಲಿಲ್ಲ, ಹರಸಿ ಕಳುಹಿಸಿದರು. ನಿಮ್ಮ ಮನೆಯ ಬಾಗಿಲಿಗೂ ಅಂಥ ಒಂದು ಶನಿವಾರ ಬಂದರೆ, ಅಂದು ಹಳೆಯ ಲೆಕ್ಕ ಬಿಚ್ಚಬೇಡಿ.