ಮೇಷ್ಟರು ಮತ್ತೆ ವಿದ್ಯಾರ್ಥಿಯಾದಾಗ: ಸವಣೂರಿನಿಂದ ಆಕ್ಸ್‌ಫರ್ಡ್‌ವರೆಗೆ ಗೋಕಾಕರ ಪಯಣ

ಹುಬ್ಬಳ್ಳಿಯಿಂದ ಹಾವೇರಿಯತ್ತ ಸಾಗುವ ರೈಲು ಹಾದಿಯಲ್ಲಿ ಯಲವಿಗಿ ಎಂಬ ಸಣ್ಣ ನಿಲ್ದಾಣವಿದೆ. ಈ ಊರು ಸೇರಿದ ತಾಲ್ಲೂಕಿನ ಕೇಂದ್ರ ಸವಣೂರು. ವೀಳ್ಯದೆಲೆಗೂ ಖಾರಕ್ಕೂ ಹೆಸರಾದ ಈ ಪಟ್ಟಣ ಕನ್ನಡಕ್ಕೆ ಐದನೆಯ ಜ್ಞಾನಪೀಠವನ್ನು ತಂದುಕೊಟ್ಟ ವಿನಾಯಕ ಕೃಷ್ಣ ಗೋಕಾಕರ ಹುಟ್ಟೂರು ಎಂಬುದು ಅನೇಕರಿಗೆ ಮರೆತಂತಿದೆ. ಗೋಕಾಕ ಎಂದೊಡನೆ ಭಾಷಾ ಚಳವಳಿಯೇ ನೆನಪಿಗೆ ಬರುವ ನಮಗೆ, ಆ ಹೆಸರಿನ ಹಿಂದಿದ್ದ ಓದುಗನ ಪರಿಚಯ ಕಡಿಮೆ.

ಗೋಕಾಕರು ಜನಿಸಿದ್ದು 1909ರ ಆಗಸ್ಟ್‌ನಲ್ಲಿ. ತಂದೆ ಕೃಷ್ಣರಾವ್, ತಾಯಿ ಸುಂದರಾಬಾಯಿ. ಆಗ ಸವಣೂರು ನವಾಬರ ಆಳ್ವಿಕೆಯ ಪುಟ್ಟ ಸಂಸ್ಥಾನ. ಸುತ್ತಲೂ ಬ್ರಿಟಿಷರ ಧಾರವಾಡ ಜಿಲ್ಲೆ. ಮನೆ, ಬೀದಿಗಳಲ್ಲಿ ಕನ್ನಡ, ದರ್ಬಾರಿನಲ್ಲಿ ಉರ್ದು, ಮಠದಲ್ಲಿ ಸಂಸ್ಕೃತ, ಮುಂಬಯಿ ಪ್ರಾಂತ್ಯದ ನೆರಳಿನಲ್ಲಿ ಮರಾಠಿ. ಬಾಲಕ ವಿನಾಯಕ ಓದಿದ ಮಜೀದ್ ಹೈಸ್ಕೂಲು ನವಾಬರ ಹೆಸರನ್ನೇ ಹೊತ್ತದ್ದು. ಹಲವು ನುಡಿಗಳ ನಡುವೆ ಬಾಳುವುದು ಆ ಊರಿನ ಮಕ್ಕಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ.

ಧಾರವಾಡದ ಕರ್ನಾಟಕ ಕಾಲೇಜಿಗೆ ಬಂದ ಅವರಿಗೆ ಅಲ್ಲಿ ಸಿಕ್ಕಿದ ದೊಡ್ಡ ಗುರು ತರಗತಿಯ ಹೊರಗಿದ್ದರು. ಅವರೇ ದ.ರಾ. ಬೇಂದ್ರೆ. ಗೆಳೆಯರ ಗುಂಪಿನ ಒಡನಾಟದಲ್ಲಿ, ಇಂಗ್ಲಿಷ್ ಕಾವ್ಯದ ಗುಂಗಿನಲ್ಲಿದ್ದ ತರುಣ ಕನ್ನಡದ ಕವಿ ‘ವಿನಾಯಕ’ನಾದ. ಎಂ.ಎ. ಪ್ರಥಮ ದರ್ಜೆಯಲ್ಲಿ ಮುಗಿಸಿ 1931ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. 1934ರಲ್ಲಿ ‘ಕಲೋಪಾಸಕ’ ಹೊರಬಂತು. ಕೈಯಲ್ಲಿ ನೌಕರಿ, ಹೆಸರಿನ ಮುಂದೆ ಪ್ರೊಫೆಸರ್ ಎಂಬ ಗೌರವ. ಅಂದಿನ ದಿನಗಳಲ್ಲಿ ಅಲ್ಲಿಗೇ ನಿಲ್ಲಲು ಅಷ್ಟು ಸಾಕಿತ್ತು.

ಅವರು ನಿಲ್ಲಲಿಲ್ಲ. ಐದು ವರ್ಷ ಪಾಠ ಹೇಳಿದ ಮೇಲೆ, 1936ರಲ್ಲಿ, ಕಾಲೇಜಿನ ಆಡಳಿತ ಮಂಡಳಿಯ ನೆರವಿನಿಂದ ಆಕ್ಸ್‌ಫರ್ಡ್‌ಗೆ ಹೊರಟರು. ಮೇಷ್ಟರಾಗಿದ್ದವರು ಇಪ್ಪತ್ತೇಳರ ಹರೆಯದಲ್ಲಿ ಮತ್ತೆ ಆನರ್ಸ್ ವಿದ್ಯಾರ್ಥಿಯಾದರು. ತಾವು ಕಲಿಸಿದ ವಿಷಯವನ್ನೇ ಪರೀಕ್ಷಕರ ಮುಂದೆ ಇಡಬೇಕಾದ ಸ್ಥಿತಿ ಅದು. ಅಲ್ಲಿ ದರ್ಜೆ ಕೆಳಗಿಳಿದರೆ ಊರಿಗೆ ಮರಳಿ ಯಾವ ಮುಖದಿಂದ ತರಗತಿಗೆ ಹೋಗುವುದು? ಈ ಅಳುಕು ಯಾವ ಅಧ್ಯಾಪಕನಿಗೂ ಅರ್ಥವಾಗುವಂಥದು.

ಆಕ್ಸ್‌ಫರ್ಡ್‌ನ ಇಂಗ್ಲಿಷ್ ವ್ಯಾಸಂಗವೂ ಸುಲಭದ್ದಲ್ಲ. ಶೇಕ್ಸ್‌ಪಿಯರ್‌ಗಿಂತ ಶತಮಾನಗಳ ಹಿಂದಿನ ಆಂಗ್ಲೋ-ಸ್ಯಾಕ್ಸನ್ ಭಾಷೆಯಿಂದಲೇ ಅಲ್ಲಿ ಓದು ಮೊದಲಾಗುತ್ತಿತ್ತು. ಆ ಭಾಷೆಯ ಪೀಠದಲ್ಲಿ ಆಗ ಇದ್ದವರು ಜೆ.ಆರ್.ಆರ್. ಟೋಲ್ಕಿನ್. ಇಂದಿನ ಇಂಗ್ಲಿಷ್ ಬಲ್ಲವನಿಗೂ ಅದು ಹೊಸದಾಗಿ ಕಲಿಯಬೇಕಾದ ನುಡಿ. ಹೊಸಗನ್ನಡದ ಓದುಗ ಪಂಪನ ಮುಂದೆ ಕುಳಿತಂತೆ. 1938ರಲ್ಲಿ ಗೋಕಾಕರು ಪ್ರಥಮ ದರ್ಜೆಯ ಆನರ್ಸ್ ಪಡೆದು ಮರಳಿ, ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾದರು.

ಆದರೆ ಆ ಎರಡು ವರ್ಷಗಳ ನಿಜವಾದ ಗಳಿಕೆ ಪದವಿಯಲ್ಲ ಎಂದೇ ತೋರುತ್ತದೆ. ಹಡಗಿನ ಪಯಣ ಬಯಲುಸೀಮೆಯ ಕವಿಗೆ ಕಡಲನ್ನು ತೋರಿಸಿತು. 1940ರಲ್ಲಿ ಬಂದ ‘ಸಮುದ್ರ ಗೀತೆಗಳು’ ಕಟ್ಟಾದ ಛಂದಸ್ಸನ್ನು ಸಡಿಲಿಸಿ, ಅಲೆಯ ಏರಿಳಿತಕ್ಕೆ ಒಗ್ಗುವ ಲಯವನ್ನು ಹುಡುಕಿದವು. ‘ಸಮುದ್ರದಾಚೆಯಿಂದ’ ಪ್ರವಾಸ ಸಾಹಿತ್ಯಕ್ಕೆ ಸೇರಿತು. ಮುಂದೆ ‘ನವ್ಯ’ ಎಂಬ ಮಾತನ್ನು ಕನ್ನಡ ಕಾವ್ಯಕ್ಕೆ ತಂದವರೂ ಅವರೇ. ಆ ಹಾದಿಯಲ್ಲಿ ಅವರಿಗಿಂತ ದೂರ ನಡೆದವರು ಗೋಪಾಲಕೃಷ್ಣ ಅಡಿಗರು ಎಂಬುದೂ ಅಷ್ಟೇ ನಿಜ.

ಪಶ್ಚಿಮದ ಓದು ಅವರನ್ನು ಭಾರತದ ಇತರ ಭಾಷೆಗಳತ್ತಲೂ ತಿರುಗಿಸಿತು. ಆಧುನಿಕ ಭಾರತೀಯ ಭಾಷೆಗಳ ಸಾಹಿತ್ಯವನ್ನು ಕುರಿತ ಸಂಪುಟವೊಂದನ್ನು 1957ರಲ್ಲಿ ಸಂಪಾದಿಸಿದರು. ಭಾರತೀಯರು ಬರೆದ ಇಂಗ್ಲಿಷ್ ಕವಿತೆಗಳ ಸಂಕಲನ 1970ರಲ್ಲಿ ಬಂತು. 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾದರು. ನಡುವೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶನ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಸ್ಥಾನ.

ಜೀವನವಿಡೀ ಇಂಗ್ಲಿಷ್ ಕಲಿಸಿದ ಇವರನ್ನೇ 1980ರಲ್ಲಿ ಸರ್ಕಾರ ಶಾಲೆಗಳ ಭಾಷಾ ನೀತಿಯನ್ನು ಪರಿಶೀಲಿಸುವ ಸಮಿತಿಗೆ ಅಧ್ಯಕ್ಷರನ್ನಾಗಿ ನೇಮಿಸಿತು. 1981ರ ಜನವರಿಯಲ್ಲಿ ಸಲ್ಲಿಕೆಯಾದ ವರದಿ, ಪ್ರೌಢಶಾಲೆಯಲ್ಲಿ ಕನ್ನಡವೇ 150 ಅಂಕಗಳ ಏಕೈಕ ಪ್ರಥಮ ಭಾಷೆಯಾಗಬೇಕೆಂದು ಹೇಳಿತು. ಆಂಗ್ಲಪ್ರಿಯರಿಗೂ ಅಪ್ಪಟ ಕನ್ನಡಿಗರಿಗೂ ಇದು ಅನಿರೀಕ್ಷಿತ. ಅವರ ಓದಿನ ದಾರಿಯನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಹೊರಗಿನ ಯಾವ ಸಾಹಿತ್ಯವನ್ನೂ ಅವರು ಕನ್ನಡವನ್ನು ಬದಿಗಿಟ್ಟು ಓದಿದವರಲ್ಲ. ವರದಿಯ ಜಾರಿಗಾಗಿ ರಾಜಕುಮಾರ್ ಬೀದಿಗಿಳಿದ ಕಥೆ ಎಲ್ಲರಿಗೂ ತಿಳಿದದ್ದೇ.

ವೇದಕಾಲವನ್ನು ಕುರಿತ, ಸುಮಾರು 35,000 ಸಾಲುಗಳ ‘ಭಾರತ ಸಿಂಧು ರಶ್ಮಿ’ಯ ಕವಿಗೆ 1990ರ ಸಾಲಿನ ಜ್ಞಾನಪೀಠ ಸಂದಿತು. ಆ ಮಹಾಕಾವ್ಯವನ್ನು ಕೊನೆಯವರೆಗೆ ಓದಿದವರು ವಿರಳ. ಕಡಲಿನ ಆ ತೆಳ್ಳನೆಯ ಸಂಕಲನಕ್ಕೆ ಮಾತ್ರ ಓದುಗರು ಇಂದಿಗೂ ಇದ್ದಾರೆ. 1992ರ ಏಪ್ರಿಲ್ 28ರಂದು ಗೋಕಾಕರು ಮುಂಬೈಯಲ್ಲಿ, ಅದೇ ಕಡಲ ದಡದ ನಗರದಲ್ಲಿ, ಕೊನೆಯುಸಿರೆಳೆದರು.