ಗುರ್ಲಹೊಸೂರಿನ ಲಕ್ಷ್ಮಣರಾಯರು

ನರಗುಂದ ಮತ್ತು ರೋಣಗಳ ನಡುವಣ ಎರೆಭೂಮಿಯಲ್ಲಿ, ಬೆಣ್ಣೆಹಳ್ಳಕ್ಕೆ ಸಮೀಪವಾಗಿ, ನಮ್ಮ ತಂದೆಯವರು ಬಿಟ್ಟುಹೋದ ಚಿಕ್ಕದೊಂದು ಹೊಲವಿದೆ. ಹೊಲದೊಡನೆ ಅವರು ಬಿಟ್ಟುಹೋದ ಇನ್ನೊಂದು ಆಸ್ತಿಯೆಂದರೆ ಐದು ಅಶ್ವಶಕ್ತಿಯ ಡೀಸೆಲ್ ಇಂಜಿನು. ಅದರ ತಗಡಿನ ಪಟ್ಟಿಯ ಮೇಲೆ ಕಿರ್ಲೋಸ್ಕರ ಎಂಬ ಹೆಸರನ್ನು ಇಂದಿಗೂ ಓದಬಹುದು. ಹಳ್ಳದ ನೀರನ್ನೆತ್ತಿ ಉಳ್ಳಾಗಡ್ಡಿ, ಮೆಣಸಿನಕಾಯಿಗಳಿಗೆ ಉಣಿಸುತ್ತ ಅದು ನಮ್ಮ ಮನೆಯ ಒಬ್ಬ ಸದಸ್ಯನಂತೆಯೇ ದುಡಿದಿತ್ತು. ಈಚೆಗೆ ಅದರ ಕಸುವು ಕುಂದಿತು. ನೀರಿನ ಧಾರೆ ಸಣ್ಣದಾಯಿತು. ಹೆಚ್ಚು ಎಣ್ಣೆ ಕುಡಿಸಿದರೆ ಹೆಚ್ಚು ದುಡಿದೀತೆಂದು ನಂಬಿ, ನಾನೇ ಎಣ್ಣೆಯ ಪಂಪಿನ ತಿರುಪನ್ನು ತಿರುಗಿಸಿದೆನು. ಶಕ್ತಿ ಹೆಚ್ಚಲಿಲ್ಲ, ಕರಿಯ ಹೊಗೆ ಹೆಚ್ಚಿತು. ಒಂದು ದಿನ ಇಂಜಿನು ನಿಂತೇಹೋಯಿತು. ತಪ್ಪು ಯಂತ್ರದ್ದಲ್ಲ, ನನ್ನದು.

ಅದನ್ನು ಗಾಡಿಗೆ ಹೇರಿಸಿ ಗಜೇಂದ್ರಗಡದ ಒಬ್ಬ ಫಿಟ್ಟರನಲ್ಲಿಗೆ ಒಯ್ದೆನು. ಆತ ನನ್ನನ್ನು ಕಂಡೊಡನೆ ಎದ್ದು ನಿಂತು ಕೈಮುಗಿದನು. ಒಂದು ಕ್ಷಣ ಕಳೆದ ಮೇಲೆ ನನಗೆ ಗುರುತು ಹತ್ತಿತು. ರೋಣದ ಶಾಲೆಯಲ್ಲಿ ಆತ ನನ್ನ ವಿದ್ಯಾರ್ಥಿಯಾಗಿದ್ದವನು. ಪಾಠದ ಹೊತ್ತಿನಲ್ಲಿ ವಹಿಯ ಅಂಚಿನ ತುಂಬ ಗಾಲಿಗಳನ್ನೂ ಹಲ್ಲುಚಕ್ರಗಳನ್ನೂ ಬರೆಯುತ್ತಿದ್ದನು. ಈತನಿಗೆ ವಿದ್ಯೆ ಹತ್ತುವುದಿಲ್ಲ, ಶಾಲೆ ಬಿಡಿಸಿರೆಂದು ಅವನ ತಂದೆಗೆ ಹೇಳಿದವನು ನಾನೇ.

ಮೂರು ದಿನ ಅವನ ಅಂಗಡಿಯಲ್ಲಿ ಕುಳಿತು ಆ ಇಂಜಿನನ್ನು ಬಿಚ್ಚುವುದನ್ನೂ ಕೂಡಿಸುವುದನ್ನೂ ನೋಡಿದೆನು. ಆ ಮೂರು ದಿನವೂ ನನ್ನ ಮನಸ್ಸಿನಲ್ಲಿ ಸುಳಿಯುತ್ತಿದ್ದುದು ಆ ತಗಡಿನ ಪಟ್ಟಿಯ ಮೇಲಿನ ಹೆಸರಿನ ಹಿಂದಿರುವ ಮನುಷ್ಯನ ಜೀವನ.

ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರ ಜೂನ್ 20ರಂದು, ನಮ್ಮ ಸೀಮೆಗೆ ದೂರವಲ್ಲದ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಆಡಿ ಬೆಳೆದ ನೆಲ ಕನ್ನಡದ್ದು. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಪಂಡಿತರು. ಮಗನೂ ಓದಿ ಮೇಲೆ ಬರಲೆಂಬುದು ಅವರ ಇಚ್ಛೆ. ಆದರೆ ಹುಡುಗನ ಮನಸ್ಸು ಪಠ್ಯಪುಸ್ತಕಗಳಲ್ಲಿ ನಿಲ್ಲಲಿಲ್ಲ. ಚಿತ್ರ ಬರೆಯುವುದು, ಯಂತ್ರಗಳನ್ನು ನೋಡುತ್ತ ನಿಲ್ಲುವುದು, ಇವೆರಡೇ ಅವನ ಹಂಬಲಗಳು. ತಂದೆ ಒಪ್ಪದಿದ್ದಾಗ ಅಣ್ಣ ರಾಮಚಂದ್ರರಾಯರು ಬೆಂಬಲಕ್ಕೆ ನಿಂತರು. 1885ರಲ್ಲಿ ತಮ್ಮ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದನು.

ಅಲ್ಲಿ ಮೊದಲನೆಯ ಪೆಟ್ಟು ಕಾದಿತ್ತು. ಲಕ್ಷ್ಮಣರಾಯರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುತ್ತಿರಲಿಲ್ಲ. ಚಿತ್ರಕಾರನಾಗಬೇಕೆಂದು ಮನೆ ಬಿಟ್ಟು ಬಂದ ತರುಣನಿಗೆ ಇದಕ್ಕಿಂತ ಕ್ರೂರವಾದ ತೀರ್ಪು ಯಾವುದಿದ್ದೀತು? ಅವರು ಊರಿಗೆ ಮರಳಲಿಲ್ಲ. ಬಣ್ಣ ಕೈಬಿಟ್ಟರೂ ರೇಖೆ ಉಳಿದಿದೆಯೆಂದು ಕಂಡುಕೊಂಡು ಯಂತ್ರಗಳ ರೇಖಾಚಿತ್ರವನ್ನು ಅಭ್ಯಾಸ ಮಾಡಿದರು. ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಅಧ್ಯಾಪಕರಾದರು.

ಬೆಳಗಾವಿಯಲ್ಲಿ ಅಣ್ಣತಮ್ಮಂದಿರು ಕಿರ್ಲೋಸ್ಕರ ಬ್ರದರ್ಸ್ ಎಂಬ ಹೆಸರಿನಿಂದ ಒಂದು ಸೈಕಲ್ ಅಂಗಡಿಯನ್ನು ತೆರೆದರು. ಆ ಸಂಸ್ಥೆ ತನ್ನ ಹುಟ್ಟನ್ನು 1888ರಿಂದ ಎಣಿಸುತ್ತದೆ. ತಮ್ಮ ಮುಂಬಯಿಯಲ್ಲಿ ಸೈಕಲ್ ಕೊಂಡು ಕಳಿಸುವುದು, ಅಣ್ಣ ಅದನ್ನು ಮಾರಿ ಕೊಂಡವರಿಗೆ ಸವಾರಿ ಕಲಿಸುವುದು, ಹೀಗೆ ವ್ಯಾಪಾರ ನಡೆಯಿತು. ಅಷ್ಟರಲ್ಲಿ ಎರಡನೆಯ ಪೆಟ್ಟು ಬಿದ್ದಿತು. ಸಂಸ್ಥೆಯಲ್ಲಿ ಲಕ್ಷ್ಮಣರಾಯರಿಗೆ ಸಲ್ಲಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಸಂದಿತು. ಅವರು ವಾದಕ್ಕೆ ನಿಲ್ಲದೆ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ನಿಶ್ಚಿತವಾದ ಸಂಬಳವನ್ನು ತೊರೆದು ಅನಿಶ್ಚಿತವಾದ ಅಂಗಡಿಗೆ ಬಂದ ಆ ದಿನವನ್ನು, ಶಾಲೆಯಲ್ಲೇ ಆಯುಷ್ಯ ಸವೆಸಿದ ನನ್ನಂಥವನು ಬೆರಗಿನಿಂದಲೇ ನೆನೆಯಬೇಕು.

ಇತ್ತ ಗಜೇಂದ್ರಗಡದ ಅಂಗಡಿಯಲ್ಲಿ ಇಂಜಿನಿನ ತಲೆ ಬಿಚ್ಚಿತ್ತು. ಸಿಲಿಂಡರಿನ ಒಳಗೋಡೆಯಾದ ಲೈನರು ಸವೆದು ದುಂಡುತನವನ್ನು ಕಳೆದುಕೊಂಡಿತ್ತು. ಗಾಳಿಯ ಜಾಲರಿಯನ್ನು ನಾನು ಶುಚಿಮಾಡದೆ ಬಿಟ್ಟುದರಿಂದ ಎರೆಮಣ್ಣಿನ ಧೂಳು ಒಳಹೊಕ್ಕು ಅರಗೊರಡಿನಂತೆ ತಿಕ್ಕಿತ್ತು. ಈ ಸಲ ಐದರ ಬದಲು ಏಳು ಅಶ್ವಶಕ್ತಿ ಬರುವಂತೆ ಮಾಡೆಂದು ನಾನು ಹೇಳಿದೆನು. ಆತ ನಕ್ಕು, ಶಕ್ತಿ ಎಣ್ಣೆಯಿಂದ ಹುಟ್ಟುವುದಾದರೂ ಆ ಎಣ್ಣೆಯನ್ನು ಸುಡುವುದು ಗಾಳಿಯೆಂದೂ, ಗಾಳಿ ಹಿಡಿಸಿದಷ್ಟೇ ಎಣ್ಣೆ ಉರಿದು ಉಳಿದದ್ದು ಹೊಗೆಯಾಗುತ್ತದೆಂದೂ ವಿವರಿಸಿದನು. ನಮ್ಮ ಇಂಜಿನಿನ ಒಳ ವ್ಯಾಸ 80 ಮಿಲಿಮೀಟರು, ಪಿಸ್ಟನ್ನಿನ ಓಟ 110 ಮಿಲಿಮೀಟರು. ಅದರಲ್ಲಿ ಹಿಡಿಸುವ ಗಾಳಿ ಸುಮಾರು 553 ಘನ ಸೆಂಟಿಮೀಟರು. ಅದೇ ಕಾರ್ಖಾನೆಯ ಏಳು ಅಶ್ವಶಕ್ತಿಯ ಇಂಜಿನಿನಲ್ಲಿ ಓಟ ಅಷ್ಟೇ ಇದ್ದರೂ ವ್ಯಾಸ 87.5 ಮಿಲಿಮೀಟರು; ಗಾಳಿಯನ್ನು ಒತ್ತುವ ಪ್ರಮಾಣವೂ 16.5ರಿಂದ 17.5ಕ್ಕೆ ಏರಿದೆ, ಉಳಿದ ಅಂಗಗಳೂ ಅದಕ್ಕೆ ತಕ್ಕಂತಿವೆ. ಎರಡೂ ನಿಮಿಷಕ್ಕೆ ತಿರುಗುವುದು 1500 ಸುತ್ತು. 1960ರ ದಶಕದ ಹೆಸರಾಂತ ಪಂದ್ಯದ ಕಾರು ಮಿನಿ ಕೂಪರ್ ಎಸ್ 1275 ಘನ ಸೆಂಟಿಮೀಟರಿನಲ್ಲಿ 76 ಅಶ್ವಶಕ್ತಿ ಪಡೆದುದು ನಮ್ಮ ಇಂಜಿನಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ತಿರುಗಿ. ಹಾಗೆ ತಿರುಗಲು ಅದರ ಒಂದೊಂದು ಅಂಗವೂ ಆ ವೇಗಕ್ಕೆಂದೇ ಹುಟ್ಟಿರಬೇಕು. ನಮ್ಮದರಲ್ಲಿ ಹೊಸ ಶಕ್ತಿಯನ್ನು ತುಂಬುವ ಮೊದಲು ಕಳೆದುಹೋದ ಶಕ್ತಿ ಎಲ್ಲಿ ಸೋರುತ್ತಿದೆಯೆಂದು ನೋಡಬೇಕೆಂಬುದು ಅವನ ತೀರ್ಮಾನ.

ಲಕ್ಷ್ಮಣರಾಯರ ಬೆಳಗಾವಿಯ ವರ್ಷಗಳೂ ಇಂಥ ತಾಳ್ಮೆಯವೇ. ಸೈಕಲ್ಲಿನಿಂದ ಅವರ ದೃಷ್ಟಿ ಒಕ್ಕಲಿಗನ ಕಡೆಗೆ ತಿರುಗಿತು. ಮೇವು ಕತ್ತರಿಸುವ ಯಂತ್ರವನ್ನು ಮಾಡಿದರು. ಅನಂತರ ಕಬ್ಬಿಣದ ನೇಗಿಲನ್ನು ಮಾಡಿದರು. ಕಟ್ಟಿಗೆಯ ನೇಗಿಲು ಕೆರೆದು ಬಿಡುವ ನೆಲವನ್ನು ಅದು ಆಳವಾಗಿ ಸೀಳಿ ಮಗುಚುತ್ತಿತ್ತು. ಆದರೆ ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆಂದು ರೈತರು ಅಂಜಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷಗಳೇ ಹಿಡಿದವು. ನಮ್ಮ ಶಾಲೆಗಳಲ್ಲಿ ಈ ಸಂಗತಿಯನ್ನು ಹಳ್ಳಿಗರ ಮೂಢತನಕ್ಕೆ ನಿದರ್ಶನವಾಗಿ ಹೇಳುವುದುಂಟು, ನಾನೂ ಹೇಳಿದ್ದೇನೆ. ಈಗ ಹಾಗೆನ್ನಲು ನಾಲಗೆ ಏಳದು. ಇರುವ ನಾಲ್ಕು ಎಕರೆಯೇ ಅನ್ನವಾಗಿರುವವನು ಪರೀಕ್ಷೆಗೆ ಒಡ್ಡುವುದು ತನ್ನ ಮಕ್ಕಳ ಹೊಟ್ಟೆಯನ್ನು. ಆ ಎರಡು ವರ್ಷ ಲಕ್ಷ್ಮಣರಾಯರು ಕೆಲಸವನ್ನು ಬಿಡಲಿಲ್ಲ. ನೆಲವೇ ಸಾಕ್ಷಿ ಹೇಳುವವರೆಗೆ ಕಾಯಬೇಕಾಯಿತು, ಕಾದರು.

ನೇಗಿಲು ಮಾರತೊಡಗಿದ ಮೇಲೆ ಮೂರನೆಯ ಪೆಟ್ಟು. ಪುರಸಭೆಯ ಯೋಜನೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕಾಯಿತು. ಆಗ ಕೈಹಿಡಿದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತಪ್ರತಿನಿಧಿಯವರು. ಅರಸರು ಸ್ವತಃ ಚಿತ್ರಕಾರರು. ಔಂಧದ ದೇವಾಲಯದ ಸಭಾಮಂಟಪದ ಕೆಲಸದಲ್ಲಿ ಲಕ್ಷ್ಮಣರಾಯರ ಕೈಗುಣವನ್ನು ಕಂಡಿದ್ದ ಅವರು ಭೂಮಿಯನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ, ಕುಂಡಲ ರೋಡ್ ಎಂಬ ಪುಟ್ಟ ರೈಲು ನಿಲ್ದಾಣದ ಬಳಿ, ಪಾಪಾಸುಕಳ್ಳಿ ಬೆಳೆದ 32 ಎಕರೆ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಕಳ್ಳಿಯನ್ನು ಕಡಿದು, ಹಾವುಗಳನ್ನು ಅಟ್ಟಿ, ಗುಡಿಸಲು ಕಟ್ಟಿಕೊಂಡು ನೆಲೆಸಿದ ಆ ಕೆಲವೇ ಕುಟುಂಬಗಳಲ್ಲಿ ಅವರದೂ ಒಂದು. ಅಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಸೆರೆಮನೆಯಿಂದ ಬಿಡುಗಡೆಯಾದವರಿಗೆ ರಾತ್ರಿಯ ಕಾವಲನ್ನು ಒಪ್ಪಿಸಿದರೆಂದರೆ, ಮನುಷ್ಯನನ್ನು ಒಮ್ಮೆ ಕೆಟ್ಟವನೆಂದು ಬದಿಗಿಡುವುದು ಅವರ ರೀತಿಯಾಗಿರಲಿಲ್ಲವೆಂದು ತಿಳಿಯುತ್ತದೆ. ಈ ಮಾತು ನನ್ನನ್ನು ಚುಚ್ಚುತ್ತದೆ.

1914ರ ಮಹಾಯುದ್ಧದಲ್ಲಿ ವಿದೇಶಿ ನೇಗಿಲುಗಳು ಬರುವುದು ನಿಂತಿತು. ಸ್ವದೇಶಿ ನೇಗಿಲಿಗೆ ಬೇಡಿಕೆ ಬಂದಿತು. ಮುಂದೆ ಪಂಪುಗಳು, ಕಬ್ಬಿನ ಗಾಣಗಳು ಸೇರಿದವು. ಮಗ ಶಂತನುರಾಯರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ ಬಂದು ಉದ್ಯಮವನ್ನು ಬೆಳೆಸಿದರು. 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ, 1946ರಲ್ಲಿ ಬೆಂಗಳೂರಿನ ವಿದ್ಯುದ್ಯಂತ್ರಗಳ ಕಾರ್ಖಾನೆ, ಅದೇ ವರ್ಷ ಪುಣೆಯಲ್ಲಿ ಎಣ್ಣೆ ಇಂಜಿನುಗಳ ಕಾರ್ಖಾನೆ ಹುಟ್ಟಿದವು. ನಮ್ಮ ತಂದೆಯವರ ಹೊಲಕ್ಕೆ ಬಂದ ಇಂಜಿನಿನ ಮೂಲ ಅದು. ಲಕ್ಷ್ಮಣರಾಯರು ಇವೆಲ್ಲವನ್ನೂ ಕಣ್ಣಾರೆ ಕಂಡು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಜನ್ಮ ಶತಾಬ್ದಿಯ ವರ್ಷವಾದ 1969ರಲ್ಲಿ ಭಾರತ ಸರಕಾರ ಅವರ ಅಂಚೆಚೀಟಿಯನ್ನು ಹೊರಡಿಸಿತು.

ಮೂರನೆಯ ದಿನ ಇಂಜಿನು ಕೂಡಿತು. ಹೊಸ ಲೈನರು, ಹೊಸ ಪಿಸ್ಟನ್ನು, ಹೊಸ ರಿಂಗುಗಳು ಬಂದವು. ವಾಲ್ವುಗಳನ್ನು ಅವುಗಳ ಪೀಠದ ಮೇಲೆ ತಿಕ್ಕಿ ಕೂಡಿಸಿ, ಮೇಲೆ ಸೀಮೆಎಣ್ಣೆ ಸುರಿದು, ಹನಿಯೂ ಸೋರದೆಂದು ನೋಡಿದ್ದಾಯಿತು. ಪಿಸ್ಟನ್ನಿಗೂ ತಲೆಗೂ ನಡುವೆ ಎಷ್ಟು ಅಂತರ ಉಳಿಯುತ್ತದೆಂದು ತಿಳಿಯಲು ಸೀಸದ ತಂತಿಯನ್ನಿಟ್ಟು ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಅಳೆದನು. ಗಾಲಿಯ ಮೇಲಿನ ಗುರುತಿಗೆ ಸರಿಯಾಗಿ ಎಣ್ಣೆ ಚಿಮ್ಮುವ ಸಮಯವನ್ನು ಹೊಂದಿಸಿದನು. ಕೊನೆಯಲ್ಲಿ, ನಾನು ತಿರುಗಿಸಿದ್ದ ತಿರುಪನ್ನು ಅದರ ಮೊದಲ ಜಾಗಕ್ಕೆ ತಂದನು. ಹೊಲಕ್ಕೆ ಬಂದು ಚಾಲೂ ಮಾಡಿದಾಗ ಹೊಗೆ ಕಾಣಲಿಲ್ಲ. ಕೊಳವೆಯ ಬಾಯ್ತುಂಬ ನೀರು ಬಂದಿತು. ಅಶ್ವಶಕ್ತಿ ಐದೇ. ಎಷ್ಟೋ ವರ್ಷಗಳಿಂದ ಆ ಐದೂ ನನಗೆ ದೊರೆತಿರಲಿಲ್ಲವೆಂಬುದು ಆಗ ತಿಳಿಯಿತು.

ಹಳ್ಳದ ದಂಡೆಯಲ್ಲಿ ಕುಳಿತು ಅವನಿಗೆ ಲಕ್ಷ್ಮಣರಾಯರ ಕಥೆಯನ್ನು ಹೇಳಿದೆನು. ಓದು ಹತ್ತದ ಹುಡುಗ, ಬಣ್ಣ ತಿಳಿಯದ ಕಣ್ಣು, ಎರಡು ವರ್ಷ ಮಾರದ ನೇಗಿಲು, ಎಲ್ಲವನ್ನೂ ಆತ ಮೌನವಾಗಿ ಕೇಳಿದನು. ಅವನ ತಂದೆಗೆ ನಾನು ಅಂದು ಹೇಳಿದ ಮಾತು ತಪ್ಪಾಗಿತ್ತೆಂದು ಕೊನೆಗೆ ಒಪ್ಪಿಕೊಂಡೆನು. ಅದಕ್ಕೆ ಆತ ಏನೂ ಅನ್ನಲಿಲ್ಲ. ಹೊಸ ರಿಂಗುಗಳು ಲೈನರಿಗೆ ಹೊಂದಿಕೊಳ್ಳಲು ಕಾಲ ಬೇಕೆಂದೂ, ಮೊದಲ ಕೆಲವು ದಿನ ಪೂರ್ಣ ಭಾರ ಹೊರಿಸಬಾರದೆಂದೂ ತಿಳಿಸಿ, ಪಾನೆಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು ಎದ್ದನು.