ಶಿರೋಡ್ಕರರ ಹೊಲಿಗೆ

ಗೆಳತಿಯರೇ, ಈ ಸಲದ ಇ-ಸಂಚಿಕೆಗೆ ಒಬ್ಬ ಸಾಧಕಿಯ ಬದುಕಿನ ಬಗ್ಗೆ ಬರೆದು ಕೊಡಬೇಕೆಂದು ನಮ್ಮ ಮಹಿಳಾ ವಿಭಾಗದವರು ಕೇಳಿದ್ದರು. ನಾನು ಆರಿಸಿಕೊಂಡದ್ದು ಒಬ್ಬ ಗಂಡಸನ್ನು. ಪೂರ್ತಿ ಓದಿದ ಮೇಲೆ ನೀವು ಕ್ಷಮಿಸುತ್ತೀರಿ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಅವರ ಹೆಸರು ನನ್ನ ಕಿವಿಗೆ ಬಿದ್ದದ್ದು ಆಪರೇಷನ್ ಟೇಬಲ್ಲಿನ ಮೇಲೆ. ಸೊಂಟದ ಕೆಳಗೆ ಮರಗಟ್ಟಿತ್ತು, ತಲೆ ಮಾತ್ರ ಎಚ್ಚರವಿತ್ತು. ಇವತ್ತಿನ ಮೂರನೇ ಕೇಸು ಶಿರೋಡ್ಕರ್ ಎಂದು ನರ್ಸ್ ಇನ್ನೊಬ್ಬಳಿಗೆ ಮರಾಠಿಯಲ್ಲಿ ಹೇಳಿದಳು. ನನ್ನ ಫೈಲನ್ನು ಇನ್ಯಾರದೋ ಫೈಲಿನ ಜೊತೆ ಅದಲುಬದಲು ಮಾಡಿದ್ದಾರೆಂದು ಗಾಬರಿಯಾಗಿ, ನಾನು ಶಿರೋಡ್ಕರ್ ಅಲ್ಲ ಎಂದು ಕೂಗಿಬಿಟ್ಟೆ. ಎಲ್ಲರೂ ನಕ್ಕರು. ಅದು ಪೇಷೆಂಟಿನ ಹೆಸರಲ್ಲ, ಹಾಕುವ ಹೊಲಿಗೆಯ ಹೆಸರು ಎಂದು ಡಾಕ್ಟರಮ್ಮ ಸಮಾಧಾನ ಮಾಡಿದರು.

ಅದಕ್ಕೆ ಮುಂಚಿನ ವರ್ಷ ಐದನೇ ತಿಂಗಳಲ್ಲಿ ನನ್ನ ಮೊದಲ ಬಸಿರು ಹೋಗಿತ್ತು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಹೊರಗೋಡೆಗೆ ಅಂಟಿಕೊಂಡ ಒಂದು ಪುಟ್ಟ ಫೈಬ್ರಾಯ್ಡ್ ಗಡ್ಡೆ ಕಂಡಿತ್ತು. ಆಮೇಲೆ ಎಲ್ಲರ ಬಾಯಲ್ಲೂ ಗಡ್ಡೆಯದೇ ಮಾತು. ಗಡ್ಡೆ ತೆಗೆಸು ಎಂದವರು ಕೆಲವರು. ಒಬ್ಬ ಬಂಧುವಂತೂ ಗರ್ಭಕೋಶವನ್ನೇ ತೆಗೆಸಿ ನೆಮ್ಮದಿಯಾಗಿರು ಎಂದುಬಿಟ್ಟರು. ಆಗ ನನಗೆ ಮೂವತ್ತೊಂದು. ಮೊದಲು ಹೋಗಿದ್ದ ಆಸ್ಪತ್ರೆಯಲ್ಲೂ ಗಡ್ಡೆಯನ್ನೇ ದೂರಿದರು. ಎರಡನೇ ಡಾಕ್ಟರು, ವಯಸ್ಸಾದ ಹೆಂಗಸು, ಕೇಳಿದ್ದು ಒಂದೇ ಪ್ರಶ್ನೆ: ಮೊದಲು ನೋವು ಬಂತೋ, ನೀರು ಹೋಯಿತೋ? ನೋವೇ ಬಂದಿರಲಿಲ್ಲ. ಹೊರಗೋಡೆಯ ಅಷ್ಟು ಚಿಕ್ಕ ಗಡ್ಡೆ ಈ ಕೆಲಸ ಮಾಡುವುದಿಲ್ಲ, ಗರ್ಭಕಂಠ ಸಡಿಲವಿದ್ದಂತಿದೆ ಎಂದರು ಅವರು. ಮುಂದಿನ ಬಸಿರಲ್ಲಿ ಅದನ್ನು ಅಳತೆ ಮಾಡಿಸುತ್ತಾ ಹೋದರು. ಅದು 20 ಮಿಲಿಮೀಟರಿಗೆ ಇಳಿದ ದಿನ ನನ್ನನ್ನು ಟೇಬಲ್ಲಿಗೆ ಕರೆದೊಯ್ದರು.

ಆ ಪ್ರಶ್ನೆ ಕೇಳಿದಾಗ ನನಗೆ ನೆನಪಾದದ್ದು ನಮ್ಮ ದೊಡ್ಡಾಯಿ, ನನ್ನ ಅಜ್ಜಿಯ ಅಕ್ಕ. ಹುಬ್ಬಳ್ಳಿ ಹತ್ತಿರದ ಹಳ್ಳಿ. 1950ರ ದಶಕದಲ್ಲಿ ಅವಳಿಗೆ ನಾಲ್ಕು ಬಸಿರು ಹೀಗೇ ಹೋದವು, ಎಲ್ಲವೂ ಐದು-ಆರು ತಿಂಗಳಲ್ಲಿ. ನೋವಿಲ್ಲದೆ, ಬಾವಿಗೆ ಹೋಗಿ ಬರುವಷ್ಟರಲ್ಲಿ ಆಗಿಹೋಗುತ್ತಿತ್ತಂತೆ. ಹರಕೆ, ತಾಯಿತ, ಉಪವಾಸ ಎಲ್ಲ ಆದವು. ಕೊನೆಗೆ ಗಂಡ ಇನ್ನೊಂದು ಮದುವೆಯಾದ. ದೊಡ್ಡಾಯಿ ತಂಗಿಯ ಮನೆಗೆ, ಅಂದರೆ ನಮ್ಮ ಮನೆಗೆ ಬಂದಳು. ಸೀಮಂತದ ಮನೆಗಳಿಗೆ ಅವಳನ್ನು ಕರೆಯುತ್ತಿರಲಿಲ್ಲ. ನಾನು ಎಂಜಿನಿಯರಿಂಗ್ ಓದುವಾಗ ತೀರಿಕೊಂಡಳು. ನೋವು ಮೊದಲೋ ನೀರು ಮೊದಲೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಹೊಲಿಗೆ ಬಿದ್ದ ಮೇಲೆ ತುರ್ಭೆಯ ನಮ್ಮ ಫ್ಲಾಟಿನಲ್ಲಿ ತಿಂಗಳುಗಟ್ಟಲೆ ವಿಶ್ರಾಂತಿ. ಹೊರಗೆ ಎಪಿಎಂಸಿ ಕಡೆ ಹೋಗುವ ಲಾರಿಗಳ ಸದ್ದು, ಹೊಟ್ಟೆಯ ಪಕ್ಕದಲ್ಲಿ ಲ್ಯಾಪ್‌ಟಾಪ್. ಆಫೀಸಿನ ಕೆಲಸ ಮುಗಿದ ಮೇಲೆ ಈ ಶಿರೋಡ್ಕರ್ ಯಾರೆಂದು ಹುಡುಕುತ್ತಾ ಕೂತೆ.

ವಿಠ್ಠಲ ನಾಗೇಶ ಶಿರೋಡ್ಕರ್ ಹುಟ್ಟಿದ್ದು 1899ರ ಏಪ್ರಿಲ್ 27ರಂದು, ಗೋವಾದ ಶಿರೋಡಾ ಎಂಬ ಹಳ್ಳಿಯಲ್ಲಿ. ಊರಿನ ಹೆಸರೇ ಮನೆತನದ ಹೆಸರು. ಮುಂದಿನ ಸಾಲು ಓದಿ ನಾನು ಎದ್ದು ಕೂತೆ (ಏಳಬಾರದಿತ್ತು, ಮಾತು ಬೇರೆ): ಹುಡುಗ ಹೈಸ್ಕೂಲು ಓದಿದ್ದು ನಮ್ಮ ಹುಬ್ಬಳ್ಳಿಯಲ್ಲಿ! ಗೋವಾ ಆಗ ಪೋರ್ಚುಗೀಸರ ಕೈಯಲ್ಲಿತ್ತು, ಹುಬ್ಬಳ್ಳಿ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿ. ಲೋಂಡಾ ಮಾರ್ಗವಾಗಿ ಘಟ್ಟ ಹತ್ತುವ ರೈಲು ಇತ್ತು. ಹುಬ್ಬಳ್ಳಿಯಿಂದ ಹೆಚ್ಚಿನ ಓದಿಗೆ ಪುಣೆ, ಅಲ್ಲಿಂದ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜು. 1923ರಲ್ಲಿ ಎಂಬಿಬಿಎಸ್, 1927ರಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ಶಾಸ್ತ್ರದಲ್ಲಿ ಎಂಡಿ. ಬಳಿಕ ಇಂಗ್ಲೆಂಡಿಗೆ ಹೋಗಿ 1931ರಲ್ಲಿ ಎಫ್‌ಆರ್‌ಸಿಎಸ್ ಮುಗಿಸಿದರು. ಮರಳಿ ಬಂದು ಮುಂದೆ ತಾವು ಓದಿದ ಗ್ರಾಂಟ್ ಕಾಲೇಜಿನಲ್ಲೇ ಗೌರವ ಪ್ರಾಧ್ಯಾಪಕರಾದರು.

ನಾವು ತುರ್ಭೆಯವರು ವಾಶಿಯಲ್ಲಿ ಗಾಡಿ ಬದಲಿಸಿ ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದರೆ ಜೆ.ಜೆ. ಆಸ್ಪತ್ರೆ ದೂರವಿಲ್ಲ. ಗ್ರಾಂಟ್ ಕಾಲೇಜು ಅದೇ ಆವರಣದಲ್ಲಿದೆ, 1845ರಿಂದ. ಕೈ ಖಾಲಿಯಾದವರು ಕೊನೆಗೆ ಹೋಗಿ ನಿಲ್ಲುವ ಜಾಗ ಅದು, ಇವತ್ತಿಗೂ. ಮತ್ತೆ ಮತ್ತೆ ಬಸಿರಾಗಿ, ನಾಲ್ಕರಿಂದ ಏಳು ತಿಂಗಳ ನಡುವೆ ಮತ್ತೆ ಮತ್ತೆ ಕಳೆದುಕೊಳ್ಳುವ ಹೆಂಗಸರನ್ನು ಶಿರೋಡ್ಕರ್ ಕಂಡರು. ಹಾಸಿಗೆ ಹಿಡಿಸಿ ಮಲಗಿಸಿದರೂ, ಹಾರ್ಮೋನು ಕೊಟ್ಟರೂ ಉಪಯೋಗವಾಗುತ್ತಿರಲಿಲ್ಲ. ಮಗುವಿನಲ್ಲಿ ದೋಷವಿಲ್ಲ, ತಾಯಿಯ ರಕ್ತದಲ್ಲಿ ದೋಷವಿಲ್ಲ. ಹಾಗಿದ್ದರೆ ತೊಂದರೆ ಬಾಗಿಲಲ್ಲಿರಬೇಕು ಎಂಬ ದಾರಿಯಲ್ಲಿ ಅವರು ಯೋಚಿಸಿದರು.

ದೊಡ್ಡಾಯಿಯ ಎಲೆ-ಅಡಿಕೆ ಸಂಚಿ ನೆನಪಿಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಗರ್ಭಕೋಶ ಬಾಯಿ ಕೆಳಗಾದ ಸಂಚಿ. ಗರ್ಭಕಂಠ ಅದರ ಬಿಗಿದ ಬಾಯಿ. ದಿನ ತುಂಬುವವರೆಗೆ ಅದು ಮುಚ್ಚಿಕೊಂಡಿರಬೇಕು. ಕೆಲವರಲ್ಲಿ ಹುಟ್ಟಿನಿಂದಲೇ, ಕೆಲವರಲ್ಲಿ ಹಿಂದಿನ ಹೆರಿಗೆಯ ಹರಿತದಿಂದಲೋ ಗರ್ಭಕೋಶ ಶುಚಿ ಮಾಡುವಾಗ ಬಾಯಿಯನ್ನು ಅತಿಯಾಗಿ ಹಿಗ್ಗಿಸಿದ್ದರಿಂದಲೋ ಬಿಗಿ ತಪ್ಪುತ್ತದೆ. ಮಗು ಬೆಳೆದು ಭಾರವಾದಾಗ ಬಾಯಿ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ನೋವು ಬರುವುದು ಕೊನೆಯಲ್ಲಿ, ಬಂದರೆ.

ಹೀಗೆ ಯೋಚಿಸಿದವರು ಅವರೊಬ್ಬರೇ ಅಲ್ಲ. ಅಮೆರಿಕದಲ್ಲಿ ಲ್ಯಾಶ್ ಎಂಬ ವೈದ್ಯರು 1950ರಲ್ಲಿ, ಬಸಿರಿಲ್ಲದ ಸಮಯದಲ್ಲಿ ಗರ್ಭಕಂಠದ ಸಡಿಲ ಭಾಗವನ್ನು ಕತ್ತರಿಸಿ ಹೊಲಿಯುವ ವಿಧಾನ ಹೇಳಿದ್ದರು. ಶಿರೋಡ್ಕರ್ ಬಸಿರಿರುವಾಗಲೇ ಕೈಹಾಕಿದರು. ಹೊಟ್ಟೆ ಕೊಯ್ಯದೆ, ಯೋನಿಮಾರ್ಗದಿಂದಲೇ ಗರ್ಭಕಂಠದ ಮುಂದೊಂದು ಹಿಂದೊಂದು ಚಿಕ್ಕ ಗಾಯ ಮಾಡಿ, ಮೂತ್ರಕೋಶವನ್ನು ಮೇಲಕ್ಕೆ ಸರಿಸಿ, ಒಳಬಾಯಿಯ ಮಟ್ಟದಲ್ಲಿ ಸುತ್ತಲೂ ಒಂದು ಪಟ್ಟಿ ಹಾಯಿಸಿ ಕಟ್ಟಿದರು. ಪಟ್ಟಿ ಯಾವುದು ಗೊತ್ತೇ? ಮೊದಮೊದಲು ಆ ಹೆಂಗಸಿನದೇ ತೊಡೆಯಿಂದ ತೆಗೆದದ್ದು, ಸ್ನಾಯುಗಳ ಮೇಲೆ ಹೊದಿಕೆಯಂತಿರುವ ಗಟ್ಟಿ ಬಿಳಿ ಪೊರೆಯ ಒಂದು ತುಂಡು. ಅವಳ ಮೈಯ ಒಂದು ಕಡೆ ಇಲ್ಲದ ಬಲವನ್ನು ಅವಳ ಮೈಯ ಇನ್ನೊಂದು ಕಡೆಯಿಂದಲೇ ತಂದದ್ದು! ನಾನು ಎಂಟೆಕ್ ಮಾಡಿದವಳು, ಜಾಣ ಪರಿಹಾರಗಳನ್ನು ಕಂಡಿದ್ದೇನೆ, ಇಂಥದು ಕಂಡಿರಲಿಲ್ಲ.

1955ರಲ್ಲಿ ಇದನ್ನು ಬರೆದು ಪ್ರಕಟಿಸಿದ್ದು ಲಂಡನ್ನಿನ ಪತ್ರಿಕೆಯಲ್ಲಲ್ಲ, ಮದ್ರಾಸಿನಿಂದ ಬರುತ್ತಿದ್ದ ಆಂಟಿಸೆಪ್ಟಿಕ್ ಎಂಬ ವೈದ್ಯಕೀಯ ಮಾಸಿಕದಲ್ಲಿ. ಉಡುಪಿ ಮೂಲದ ಡಾ. ಯು. ರಾಮರಾವ್ 1904ರಲ್ಲಿ ಶುರುಮಾಡಿದ ಪತ್ರಿಕೆ ಅದು. ಗೋವಾದವರು, ಹುಬ್ಬಳ್ಳಿಯಲ್ಲಿ ಓದಿದವರು, ಮುಂಬಯಿಯಲ್ಲಿ ದುಡಿದವರು, ಉಡುಪಿಯವರ ಮದ್ರಾಸ್ ಪತ್ರಿಕೆಯಲ್ಲಿ ಬರೆದರು. ಅಲ್ಲಿಂದ ಆ ಹೊಲಿಗೆ ಯುರೋಪಿಗೂ ಅಮೆರಿಕಕ್ಕೂ ಹೋಯಿತು. 1957ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್‌ಡೊನಾಲ್ಡ್ ಅವರು ಮೂತ್ರಕೋಶ ಸರಿಸದೆಯೇ ಹೊರಗಿನಿಂದ ಸುತ್ತುಹೊಲಿಗೆ ಹಾಕುವ ಸರಳ ವಿಧಾನ ತಂದರು. ನಿಜ ಹೇಳಬೇಕೆಂದರೆ ನನ್ನ ಡಿಸ್‌ಚಾರ್ಜ್ ಕಾಗದದಲ್ಲಿ ಇರುವುದು ಮ್ಯಾಕ್‌ಡೊನಾಲ್ಡ್ ಹೆಸರೇ. ಆದರೆ ಆಪರೇಷನ್ ಥಿಯೇಟರಿನ ಬಾಯಲ್ಲಿ ಎರಡೂ ಶಿರೋಡ್ಕರ್.

ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಅನ್ನ. ಆದ್ದರಿಂದ ಸಂಶಯ ಬಿಡಲಿಲ್ಲ. ಶಿರೋಡ್ಕರ್ ಹೊಲಿಗೆ ಹಾಕಿದವರನ್ನು ಹಾಕದವರ ಜೊತೆ ಚೀಟಿ ಎತ್ತಿ ಹೋಲಿಸಿ ನೋಡಿರಲಿಲ್ಲ. ಅದು ಆ ಕಾಲದ ಕೊರತೆ. ಹೊಲಿಗೆ ಫ್ಯಾಷನ್ ಆಗಿ, ಬೇಕಾದವರಿಗೂ ಬೇಡವಾದವರಿಗೂ ಬಿತ್ತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಲ್ಲಿನ ಪ್ರಸೂತಿತಜ್ಞರ ಕಾಲೇಜು ಸೇರಿ ಹಲವು ದೇಶಗಳಲ್ಲಿ ನಡೆಸಿದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದದ್ದು 1993ರಲ್ಲಿ. 1292 ಹೆಂಗಸರು, ಅರ್ಧದಷ್ಟು ಜನಕ್ಕೆ ಹೊಲಿಗೆ, ಉಳಿದವರಿಗೆ ಇಲ್ಲ. 33 ವಾರಕ್ಕೆ ಮುಂಚೆ ಹೆರಿಗೆಯಾದದ್ದು ಹೊಲಿಗೆ ಬಿದ್ದವರಲ್ಲಿ ನೂರಕ್ಕೆ 13, ಬೀಳದವರಲ್ಲಿ ನೂರಕ್ಕೆ 17. ಸುಮಾರು 25 ಹೊಲಿಗೆಗೆ ಒಂದು ಹೆರಿಗೆ ಮುಂದೂಡಿದಂತೆ. ಲಾಭ ಎದ್ದು ಕಂಡದ್ದು ಮೂರು ಅಥವಾ ಹೆಚ್ಚು ಸಲ ಹೀಗೆ ಕಳೆದುಕೊಂಡವರಲ್ಲಿ. ಅಂದರೆ ದೊಡ್ಡಾಯಿಯಂಥವರಲ್ಲಿ. ಆ ಸಾಲು ಓದಿದ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಮಲಗಿದ್ದೆ.

ಶಿರೋಡ್ಕರರ ಉಳಿದ ಕೆಲಸಗಳಲ್ಲೂ ಇದೇ ಜಾಡು ಕಾಣುತ್ತದೆ: ಕಿತ್ತು ತೆಗೆಯುವ ಮೊದಲು ಉಳಿಸಲು ನೋಡು. ಮಕ್ಕಳಾಗದ ಎಳೆಯ ಹೆಣ್ಣುಮಕ್ಕಳಲ್ಲೂ ಗರ್ಭಕೋಶ ಜಾರುವುದುಂಟು. ತೆಗೆದುಹಾಕಿದರೆ ಆಸೆಯೇ ಮುಗಿಯಿತು. ಶಿರೋಡ್ಕರ್ ಅದೇ ತೊಡೆಯ ಪೊರೆಯಿಂದ ಜೋಲಿಯಂತೆ ಮಾಡಿ, ಗರ್ಭಕೋಶವನ್ನು ಬೆನ್ನುಮೂಳೆಯ ಬುಡಕ್ಕೆ ಎತ್ತಿಕಟ್ಟುವ ಶಸ್ತ್ರಕ್ರಿಯೆ ರೂಪಿಸಿದರು. ಮುಚ್ಚಿಹೋದ ಗರ್ಭನಾಳಗಳನ್ನು ತೆರೆಯುವ ಶಸ್ತ್ರಕ್ರಿಯೆಯಲ್ಲೂ ಕೈಯಾಡಿಸಿದರು. ಇದನ್ನೆಲ್ಲ ಸೇರಿಸಿದ ಅವರ ಪುಸ್ತಕ 1960ರಲ್ಲಿ ಬ್ರಿಟನ್ನಿನಲ್ಲಿ ಅಚ್ಚಾಯಿತು.

ಫೈಬ್ರಾಯ್ಡ್ ವಿಷಯದಲ್ಲಿ ಇದೇ ಹಟ ಹಿಡಿದವರು ಲಂಡನ್ನಿನ ವಿಕ್ಟರ್ ಬಾನಿ. ಮದುವೆಯ ಮೊದಲ ವರ್ಷಗಳಲ್ಲೇ ಗಡ್ಡೆಗಳ ಕಾರಣದಿಂದ ಅವರ ಹೆಂಡತಿಯ ಗರ್ಭಕೋಶ ತೆಗೆದಿದ್ದರು; ದಂಪತಿಗೆ ಮಕ್ಕಳಾಗಲಿಲ್ಲ. ಬಾನಿ ಆಮೇಲೆ, ಗಡ್ಡೆಗಳನ್ನಷ್ಟೇ ಬಿಡಿಸಿ ತೆಗೆದು ಗರ್ಭಕೋಶವನ್ನು ಉಳಿಸುವ ಶಸ್ತ್ರಕ್ರಿಯೆಯನ್ನು ನೂರಾರು ಹೆಂಗಸರಿಗೆ ಮಾಡಿದರು. ರಕ್ತ ಹರಿಯದಂತೆ ಹಿಡಿಯುವ ಚಿಮಟವನ್ನೂ ತಾವೇ ರೂಪಿಸಿದರು. ಶಿರೋಡ್ಕರ್ ಇಂಗ್ಲೆಂಡಿನಲ್ಲಿ ಓದುತ್ತಿದ್ದ ವರ್ಷಗಳಲ್ಲಿ ಬಾನಿ ಅಲ್ಲಿ ದೊಡ್ಡ ಹೆಸರು. ಇಷ್ಟೆಲ್ಲ ಆಗಿ ತೊಂಬತ್ತು ವರ್ಷ ಕಳೆದರೂ ನಮ್ಮ ಕಡೆ ಗಡ್ಡೆ ಎಂದ ಕೂಡಲೇ ತೆಗೆಸಿಬಿಡು ಎನ್ನುವ ಬಾಯಿಗಳಿಗೆ ಕಡಿಮೆಯಿಲ್ಲ. ಗಡ್ಡೆ ಎಷ್ಟು ದೊಡ್ಡದು, ಒಳಗೋ ಹೊರಗೋ, ತೊಂದರೆ ಕೊಡುತ್ತಿದೆಯೋ ಇಲ್ಲವೋ ಎಂದು ಕೇಳಿ, ಗೆಳತಿಯರೇ. ನನ್ನದು ಇನ್ನೂ ಅಲ್ಲೇ ಇದೆ, ಅದರ ಪಾಡಿಗೆ.

ಮಕ್ಕಳು ನಿಲ್ಲಲೆಂದು ಹೊಲಿಗೆ ಹಾಕಿದ ಶಿರೋಡ್ಕರ್ ಕುಟುಂಬ ಯೋಜನೆಯ ಪರವಾಗಿಯೂ ದುಡಿದರು. ಮೇಲುನೋಟಕ್ಕೆ ವಿಚಿತ್ರ. ಆದರೆ ಎರಡರಲ್ಲೂ ಮಗು ಬೇಕೋ ಬೇಡವೋ ಎಂಬುದು ಹೆಣ್ಣಿನ ಇಷ್ಟವಾಗಿರಬೇಕು ಎಂಬ ಒಂದೇ ಎಳೆ ನನಗೆ ಕಾಣುತ್ತದೆ. 1960ರಲ್ಲಿ ಪದ್ಮಭೂಷಣ, 1971ರಲ್ಲಿ ಪದ್ಮವಿಭೂಷಣ ಬಂತು. ಅದೇ ವರ್ಷ ಮಾರ್ಚ್ 7ರಂದು ತೀರಿಕೊಂಡರು.

ಮೂವತ್ತೇಳನೇ ವಾರದಲ್ಲಿ ನನ್ನ ಹೊಲಿಗೆ ಬಿಚ್ಚಿದರು. ಅರಿವಳಿಕೆಯೂ ಬೇಕಾಗಲಿಲ್ಲ; ಎರಡು ನಿಮಿಷದ ಕೆಲಸ. ತೋರಿಸಿ ಎಂದು ಕೇಳಿದೆ. ಡಾಕ್ಟರಮ್ಮ ಇಕ್ಕಳದಲ್ಲಿ ಹಿಡಿದು ತೋರಿಸಿದರು: ಒಂದು ಬಿಳಿ ಪಟ್ಟಿ, ಗಂಟಿನ ಸಮೇತ, ದೊಡ್ಡಾಯಿಯ ಸಂಚಿಯ ದಾರಕ್ಕಿಂತ ಸ್ವಲ್ಪ ಅಗಲ. ಹತ್ತು ದಿನ ಬಿಟ್ಟು ನೋವು ಬಂತು, ಈ ಸಲ ಸರಿಯಾಗಿ, ಸಮಯಕ್ಕೆ. ಮಗಳಿಗೆ ದೊಡ್ಡಾಯಿಯ ಹೆಸರಿಟ್ಟಿದ್ದೇವೆ. ನಾಮಕರಣದ ದಿನ ಅವ್ವ ಹುಬ್ಬಳ್ಳಿಯಿಂದ ಬರುವಾಗ ಆ ಹಳೆಯ ಸಂಚಿಯನ್ನು ತಂದಿದ್ದಳು. ಈಗ ಅದರಲ್ಲಿ ಮಗಳ ಹೇರ್‌ಕ್ಲಿಪ್ಪುಗಳಿವೆ.